ಕುಡಿಯುವುದಿಲ್ಲ, ಕುಡಿಯಲಾಗುವುದಿಲ್ಲ

ಹೊಸೂರಿನ ಬೀದಿಗಳಲ್ಲಿ ಅಂಗಡಿಯ ಬೋರ್ಡುಗಳನ್ನು ಓದದೆ ನಡೆಯುವ ವಿದ್ಯೆ ನನಗೆ ಇದುವರೆಗೂ ಸಿದ್ಧಿಸಿಲ್ಲ. ತಮಿಳು, ತೆಲುಗು, ಇಂಗ್ಲಿಷು, ನಡುನಡುವೆ ಹಳೆಯ ಕಿರಾಣಿ ಅಂಗಡಿಗಳ ಮಾಸಿದ ಕನ್ನಡ, ಹೀಗೆ ನಾಲ್ಕು ಲಿಪಿಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿರುವ ಊರಿನಲ್ಲಿ ಅಕ್ಷರದೋಷಗಳಿಗೇನು ಬರ? ದೀರ್ಘ ಇರಬೇಕಾದಲ್ಲಿ ಇಲ್ಲದಿದ್ದರೆ ನನಗೆ ದೀರ್ಘವಾದ ನಿಟ್ಟುಸಿರು ಬರುತ್ತದೆ; ಒತ್ತಕ್ಷರ ತಪ್ಪಿದ್ದರೆ ರಕ್ತದ ಒತ್ತಡ ಏರುತ್ತದೆ. ಊರಿಗಂಟಿದ ಆಲಸನತ್ತದಲ್ಲಿ ನಮ್ಮ ಮನೆಯ ತಿರುವಿನಲ್ಲೇ ಟೀ ಅಂಗಡಿ ಇಟ್ಟಿರುವ ರಾಮಪ್ಪ ನನ್ನ ಬಾಲ್ಯದ ಗೆಳೆಯ, ಮೋಟಾರು ಕಾರ್ಖಾನೆಯಿಂದ ನಿವೃತ್ತನಾದವನು. ಅವನ ಹೊಸ ಬೋರ್ಡನ್ನು ನಾನು ಮೂರು ದಿನ ಎಡಬಿಡದೆ ದಿಟ್ಟಿಸಿದ್ದನ್ನು ಕಂಡು ಅವನು ಒಮ್ಮೆ ಗದರಿದ: "ಏನ್ಲಾ, ಟೀ ಕುಡ್ಯಾಕ್ ಬತ್ತೀಯೋ, ನನ್ ಬೋರ್ಡಿಗೆ ಮಾರ್ಕ್ಸ್ ಹಾಕಾಕ್ ಬತ್ತೀಯೋ? ಹಿಂಗೇ ಗುರಾಯಿಸ್ತಿದ್ರೆ ಬಣ್ಣ ಉದುರೋಗ್ತದೆ ಕಣ್ಲಾ!"

ಇದು ಹುಟ್ಟಿನಿಂದ ಬಂದ ರೋಗವಲ್ಲ, ಉದ್ಯೋಗದಿಂದ ಬಂದದ್ದು. ಮೂವತ್ತು ವರ್ಷ ನಾನು ಬೆಂಗಳೂರಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಿದ್ದುವ ಕೆಲಸ ಮಾಡಿದೆ. ವೈದ್ಯರು, ಸಂಶೋಧಕರು ಕಳಿಸಿದ ಪ್ರಬಂಧಗಳ ಇಂಗ್ಲಿಷನ್ನು ಒರೆಸಿ ತೊಳೆದು, ಇಸ್ತ್ರಿ ಹಾಕಿ, ಅಚ್ಚಿಗೆ ಕಳಿಸುವವನು ನಾನು. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗದ ದಿನ ಕಂಬಿಗೆ ಒರಗಿ ನಿಂತೇ ಕೆಂಪು ಪೆನ್ನು ಆಡಿಸುತ್ತಿದ್ದೆ, ಪಕ್ಕದಲ್ಲಿದ್ದವರು "ಯಾವ ಸ್ಕೂಲು ಸಾರ್, ಇಷ್ಟೊಂದ್ ತಪ್ ಬರ್ದವ್ರೆ ಮಕ್ಳು?" ಎಂದು ಕನಿಕರಪಟ್ಟದ್ದುಂಟು. ಎಷ್ಟೋ ಜ್ವರಗಳು, ಎಷ್ಟೋ ಗರ್ಭಪಾತಗಳು, ಎಷ್ಟೋ ಮರಣಗಳು ನನ್ನ ಕೈಕೆಳಗೆ ಹಾದುಹೋದವು, ಆದರೆ ಅವುಗಳಲ್ಲಿ ಯಾವುದಕ್ಕೂ ಒಂದು ಮುಖವಿದ್ದದ್ದು ನನಗೆ ನೆನಪಿಲ್ಲ. ನನ್ನ ಪಾಲಿಗೆ ಅವೆಲ್ಲ ಕರ್ತೃ, ಕರ್ಮ, ಕ್ರಿಯಾಪದಗಳು. ಕರ್ಮ ಎಂಬ ಮಾತಿಗೆ ವ್ಯಾಕರಣದ ಹೊರಗೂ ಒಂದು ಅರ್ಥವಿದೆ ಎಂಬುದನ್ನು ತಿಳಿಯಲು ನಾನು ನಿವೃತ್ತನಾಗಬೇಕಾಯಿತು.

ನಿವೃತ್ತಿ ಎಂದರೆ ಪ್ರವೃತ್ತಿಯಿಂದ ಬಿಡುಗಡೆ ಎಂದು ತಿಳಿದವರು ಜಾಣರು. ನನಗೆ ಮಾತ್ರ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕುರ್ಚಿಯಲ್ಲಿ ಕೂತರೆ ಬಲಗಾಲು ತಾನಾಗಿ ಕುಣಿಯುತ್ತದೆ. ಪತ್ರಿಕೆ ಬಂದರೆ ಸುದ್ದಿಗಿಂತ ಮೊದಲು ಕಾಗುಣಿತ ಕಾಣುತ್ತದೆ. ನೆಂಟರು ಕೊಟ್ಟುಹೋದ ಲಗ್ನಪತ್ರಿಕೆಯ ಮೇಲೆ ನಾನು ಕೆಂಪು ಗೆರೆ ಎಳೆದದ್ದನ್ನು ನೋಡಿ ನನ್ನ ಹೆಂಡತಿ ವಸಂತ, "ರೀ, ಮದುವೆ ಕಾರ್ಡು ಕೊಡೋದು ಹರಸೋಕೆ, ತಿದ್ದಿ ವಾಪಸ್ ಕೊಡೋಕಲ್ಲ. ಎಲ್ಲಾದ್ರೂ ಹೋಗಿ ಯಾರಿಗಾದ್ರೂ ಪಾಠ ಹೇಳಿ, ನನ್ನನ್ನ ಬಿಡಿ" ಎಂದಳು. ಅದೇ ಹೊತ್ತಿಗೆ ಒಂದು ಕರೆ ಬಂತು. ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಸಂಸ್ಥೆಯೊಂದು, ಈಗಷ್ಟೇ ಸಂಶೋಧನೆಗೆ ಕಾಲಿಟ್ಟ ನರ್ಸುಗಳಿಗೂ ಎಳೆಯ ವೈದ್ಯರಿಗೂ ಪ್ರಬಂಧ ಬರೆದು ಪ್ರಕಟಿಸುವ ಬಗೆಯನ್ನು ಶನಿವಾರ ಶನಿವಾರ ಕಲಿಸಬೇಕೆಂದು ಕೇಳಿತು. ವಸಂತಳ ಹರಕೆ ಫಲಿಸಿತು.

ನಿಜಕ್ಕೂ ಆ ಮಕ್ಕಳಿಗೆ ಕಲಿಸುವವರು ಬೇಕಾಗಿತ್ತು. ಬಿಸಿಲಲ್ಲಿ ಮನೆಮನೆ ಸುತ್ತಿ ಪ್ರಶ್ನೆ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ವರದಿ ಒಪ್ಪಿಸುತ್ತಾರೆ. ವರದಿ ಬೀರುವಿನಲ್ಲಿ ಮಲಗುತ್ತದೆ. ಧೈರ್ಯ ಮಾಡಿ ಪತ್ರಿಕೆಗೆ ಕಳಿಸಿದರೆ ಎರಡೇ ದಿನಕ್ಕೆ ತಿರುಗಿ ಬರುತ್ತದೆ. ಯಾವ ಪತ್ರಿಕೆ ಗಂಭೀರ, ಯಾವುದು ದುಡ್ಡು ಕೀಳುವ ಬರಿಯ ಬಲೆ, ಸಾರಾಂಶದಲ್ಲಿ ಏನಿರಬೇಕು, ಹೆಸರು ತಿಳಿಯದ ವಿಮರ್ಶಕ ಕಟುವಾಗಿ ಬರೆದಾಗ ಅಳದೆ ಉತ್ತರಿಸುವುದು ಹೇಗೆ, ಇವನ್ನೆಲ್ಲ ಯಾವ ಕಾಲೇಜೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮೊದಲ ಶನಿವಾರ ನಾನು ಕೇಳಿದೆ: ಯಾಕೆ ಪ್ರಕಟಿಸಬೇಕು ನಿಮಗೆ? ಒಬ್ಬ ಬಡ್ತಿ ಎಂದ, ಇನ್ನೊಬ್ಬಳು ಪಿಎಚ್‌ಡಿ ಎಂದಳು. ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ ಬಂತು: "ಸರ್, ಅವ್ರು ನಂಬಿ ಹೇಳಿದ್ದು ನನ್ ನೋಟ್‌ಬುಕ್ಕಲ್ಲೇ ಉಳ್ಕೊಂಬಿಟ್ರೆ ಚೆನ್ನಾಗಿರಲ್ಲ."

ಅವಳು ಕೋಮಲಾ. ತೊರಪಲ್ಲಿ ಅಗ್ರಹಾರದ ಕಡೆಯ ರೈತರ ಮನೆಯ ಹುಡುಗಿ, ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮಾಡಿ ಆ ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ನಮ್ಮ ಸೀಮೆಯಲ್ಲಿ ಗುಲಾಬಿ ಬೆಳೆಯುವ ದೊಡ್ಡ ದೊಡ್ಡ ಪಾಲಿಹೌಸುಗಳಿವೆಯಲ್ಲ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಆ ಬಿಸಿಯ ಚಪ್ಪರಗಳಲ್ಲಿ ದುಡಿಯುವ ಹೆಂಗಸರಿಗೆ ಪದೇ ಪದೇ ಉರಿಮೂತ್ರ ಯಾಕೆ ಬರುತ್ತದೆ ಎಂಬುದು ಅವಳ ಅಧ್ಯಯನ. ಉತ್ತರ ಸರಳವಾಗಿತ್ತು: ಬೆಳಗಿನಿಂದ ಸಂಜೆಯವರೆಗೆ ಅವರ ಗಂಟಲಿಗೆ ನೀರು ಇಳಿಯುತ್ತಿರಲಿಲ್ಲ. ಯಾಕೆ ಇಳಿಯುತ್ತಿರಲಿಲ್ಲ ಎಂಬುದನ್ನು ಅವಳು ತಿಂಗಳುಗಟ್ಟಲೆ ಅವರೊಂದಿಗೆ ಕೂತು, ಕೇಳಿ, ಬರೆದುಕೊಂಡಿದ್ದಳು.

ಅವಳ ಇಂಗ್ಲಿಷು, ಏನೆಂದು ಹೇಳಲಿ, ನಮ್ಮೂರ ಬಸ್ ಸ್ಟ್ಯಾಂಡಿನಂತಿತ್ತು; ಎಲ್ಲರೂ ಒಟ್ಟಿಗೇ ಹತ್ತುತ್ತಿದ್ದರು, ಯಾರೂ ಇಳಿಯುತ್ತಿರಲಿಲ್ಲ. ಮುಖ್ಯವಾದ ಒಂದು ವಾಕ್ಯವನ್ನು ಕನ್ನಡಕ್ಕಿಳಿಸಿದರೆ ಹೀಗಾಗುತ್ತಿತ್ತು: "ಹೆಂಗಸರಿಗೆ ನೀರು ಕುಡಿಯಲು ಆಗುವುದಿಲ್ಲ, ಏಕೆಂದರೆ ಕುಡಿದರೆ ಹೋಗಬೇಕು, ಮತ್ತು ಹೋಗಬೇಕಾದರೆ ಮೇಸ್ತ್ರಿಯ ಹತ್ತಿರ ಶೌಚಾಲಯದ ಬೀಗದ ಕೈ ಕೇಳಬೇಕು, ಮತ್ತು ಕೇಳಿದರೆ ಎಲ್ಲರೆದುರು ಬೈಸಿಕೊಳ್ಳಬೇಕು, ಮತ್ತು ಅದಕ್ಕಿಂತ ಬಾಯಾರಿಕೊಂಡಿರುವುದು ವಾಸಿ." ಎಷ್ಟು 'ಮತ್ತು'ಗಳು! ನನ್ನ ಮತ್ತು ಇಳಿಯುವಷ್ಟು. ನಾನು ಆ ಇಡೀ ಸಾಲನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಇಂಗ್ಲಿಷಿನ ಒಂದು ಅಚ್ಚುಕಟ್ಟಾದ ಪುಟ್ಟ ವಾಕ್ಯ ಕೂರಿಸಿದೆ: ಕೆಲಸದ ವೇಳೆಯಲ್ಲಿ ಮಹಿಳೆಯರು ಸ್ವಇಚ್ಛೆಯಿಂದ ನೀರಿನ ಸೇವನೆಯನ್ನು ಮಿತಗೊಳಿಸಿಕೊಳ್ಳುತ್ತಾರೆ. ಎಂಥ ಮಿತವ್ಯಯ! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕದಿದ್ದುದೊಂದೇ ಕೊರತೆ. ಮುಂದಿನ ಶನಿವಾರ ಅದನ್ನು ಕಪ್ಪುಹಲಗೆಯ ಮೇಲೆ ಬರೆದು, 'ನೋಡಿ, ಹೀಗೆ ಹಿಂಡಬೇಕು' ಎಂದು ತರಗತಿಗೇ ತೋರಿಸಿದೆ. ಹಿಂಡಿದಾಗ ಏನು ಸೋರಿಹೋಯಿತೆಂದು ನಾನು ಕೇಳಿಕೊಳ್ಳಲಿಲ್ಲ. ಕೋಮಲಾ ಹಲಗೆಯನ್ನು ಬಹಳ ಹೊತ್ತು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಪ್ರಬಂಧ ಹೋಯಿತು. ಕಾಯುವ ಕೆಲಸ ಅವಳದ್ದು, ಚಡಪಡಿಸುವ ಕೆಲಸ ನನ್ನದು. ದಿನಕ್ಕೆ ಹತ್ತು ಸಲ ಅವಳಿಗೆ ಫೋನ್ ಮಾಡಿ ಮೇಲ್ ಬಂತೇ ಎಂದು ಕೇಳುತ್ತಿದ್ದೆ. ಅವಳು ಪ್ರತಿಸಲವೂ ತಾಳ್ಮೆಯಿಂದ "ಇಲ್ಲ ಸರ್, ಬಂದ್ರೆ ಮೊದ್ಲು ನಿಮ್ಗೇ ಹೇಳ್ತೀನಿ" ಎನ್ನುತ್ತಿದ್ದಳು. ಚಡಪಡಿಕೆಗೆ ಕಾರಣವೂ ಇತ್ತು. ಅವಳು ಪಿಎಚ್‌ಡಿಗೆ ಅರ್ಜಿ ಹಾಕಿದ್ದಳು, ಪತ್ರಿಕೆಯಿಂದ ಸ್ವೀಕಾರದ ಪತ್ರವೊಂದಿದ್ದರೆ ಸೀಟು ಬಹುತೇಕ ಖಚಿತವೆಂದು ಅಲ್ಲಿಯವರು ಹೇಳಿದ್ದರು. ಮನೆಯಲ್ಲಿ ಮದುವೆಯ ಮಾತು ಎದ್ದಿತ್ತು. ಸೀಟು ಸಿಕ್ಕರೆ ಓದಲಿ, ಇಲ್ಲದಿದ್ದರೆ ಗಂಡು ನೋಡೋಣ ಎಂದು ಅವಳಪ್ಪ ಹೇಳಿಯಾಗಿತ್ತು.

ಕೊನೆಗೊಂದು ದಿನ ಮೇಲ್ ಬಂತು. ಇಬ್ಬರು ವಿಮರ್ಶಕರೂ ಒಪ್ಪಿದ್ದರು! ಒಬ್ಬರಂತೂ 'ಸ್ವಇಚ್ಛೆಯಿಂದ' ಎಂಬ ನನ್ನ ವಾಕ್ಯವನ್ನೇ ಎತ್ತಿಹೇಳಿ ಮೆಚ್ಚಿ, ಒಂದೇ ಒಂದು ಸೇರ್ಪಡೆ ಕೇಳಿದ್ದರು: ಹೆಂಗಸರಿಗೆ ನೀರಿನ ಮಹತ್ವದ ಬಗ್ಗೆ ತಿಳಿವಳಿಕೆ ಕೊಡಬೇಕು, ಗೋಡೆಗೆ ಭಿತ್ತಿಪತ್ರ ಹಚ್ಚಬೇಕು ಎಂದು ಉಪಸಂಹಾರದಲ್ಲಿ ಶಿಫಾರಸು ಮಾಡಬೇಕು. ಅದನ್ನು ಸೇರಿಸಿ ಹತ್ತು ದಿನದಲ್ಲಿ ಕಳಿಸಿದರೆ ಸ್ವೀಕರಿಸುತ್ತೇವೆ ಎಂದು ಸಂಪಾದಕರು ಬರೆದಿದ್ದರು. ನಾನು ಮನೆಯಲ್ಲೆಲ್ಲ ಓಡಾಡಿ ವಸಂತಳಿಗೆ ಎರಡು ಸಲ ಓದಿ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಲೇ, "ನೀರು ಕುಡೀಬೇಕು ಅನ್ನೋದು ಅವರಿಗೆ ಗೊತ್ತಿಲ್ವಂತಾ?" ಎಂದು ಕೇಳಿದಳು. ನನಗೆ ಆ ಪ್ರಶ್ನೆ ಕೇಳಿಸಿತು, ಆದರೆ ಒಳಗಿಳಿಯಲಿಲ್ಲ.

ಕೋಮಲಾಗೆ ಒಂದು ಪದ್ಧತಿಯಿತ್ತು. ಏನು ಬರೆದರೂ ಕಳಿಸುವ ಮುನ್ನ, ಯಾರ ಬಗ್ಗೆ ಬರೆದಳೋ ಅವರಿಗೆ ಓದಿ ಹೇಳುತ್ತೇನೆಂದು ಅವಳು ಆ ಹೆಂಗಸರಿಗೆ ಮಾತು ಕೊಟ್ಟಿದ್ದಳಂತೆ. ಮೊದಲ ಸಲ ನನ್ನ ಅವಸರದಲ್ಲಿ ಅದು ತಪ್ಪಿಹೋಗಿತ್ತು. ಆ ಭಾನುವಾರ ಓದಲು ಹೊರಟವಳ ಜೊತೆಗೆ ನಾನೂ ಹೊರಟೆ. ಕರೆದಿರಲಿಲ್ಲ, ಮನೆಯಲ್ಲಿ ಕೂರಲಾಗದೆ ಹೋದೆ. ಅವಳ ಸ್ಕೂಟಿಯ ಹಿಂದೆ ಕೂತು ಹೋಗುವಾಗ, ಮೂವತ್ತು ವರ್ಷದಲ್ಲಿ ಒಂದು ಪ್ರಬಂಧದ ಒಳಗಿನವರನ್ನು ನಾನು ಕಾಣಲಿರುವುದು ಇದೇ ಮೊದಲು ಎಂದು ಹೊಳೆದು, ಯಾಕೋ ಅಂಗಿಯ ಕಾಲರ್ ಸರಿಮಾಡಿಕೊಂಡೆ.

ಮುನಿಯಮ್ಮ ಎಂಬಾಕೆಯ ಮನೆಯಂಗಳದಲ್ಲಿ ಏಳೆಂಟು ಹೆಂಗಸರು ಸೇರಿದ್ದರು. ಮುನಿಯಮ್ಮ ಎಲ್ಲರಿಗಿಂತ ಹಿರಿಯಳು, ಗುಲಾಬಿ ಶೆಡ್ಡಿನಲ್ಲಿ ಆರು ವರ್ಷದಿಂದ ದುಡಿಯುವವಳು. ಮುಳ್ಳು ಗೀರಿದ ಕೈಗಳು, ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಷರ್ಟು. ನನಗೆ ಕುರ್ಚಿ ಹಾಕಿ, ದೊಡ್ಡ ಚೊಂಬಿನಲ್ಲಿ ನೀರು ತಂದಿಟ್ಟಳು. ಕೋಮಲಾ ಇಂಗ್ಲಿಷಿನ ಹಾಳೆ ಕೈಯಲ್ಲಿ ಹಿಡಿದು ಸಾಲುಸಾಲಾಗಿ ಕನ್ನಡ ಮಾಡುತ್ತ ಹೋದಳು. ಹೆಂಗಸರು ತಲೆಯಾಡಿಸುತ್ತಿದ್ದರು, ನಡುವೆ ತೆಲುಗಿನಲ್ಲಿ ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ನಗುತ್ತಿದ್ದರು. ಆ ವಾಕ್ಯ ಬಂತು.

"ಸ್ವಇಚ್ಛೆ ಅಂದ್ರೆ ಏನಮ್ಮಾ?" ಎಂದಳು ಮುನಿಯಮ್ಮ.

ಕೋಮಲಾ ತಡವರಿಸಿದಳು. "ಅಂದ್ರೆ... ನೀವಾಗೇ, ಇಷ್ಟಪಟ್ಟು."

ಮುನಿಯಮ್ಮನ ನಗು ನಿಂತಿತು. "ಇಷ್ಟಪಟ್ಟು ಬಾಯಾರ್ಕೊಂಡಿರ್ತೀವಾ ನಾವು? ಗಂಟ್ಲು ಒಣಗ್ಸೋಕೆ ನಮ್ಗೇನ್ ಆಸೆನಾ? ನಿಂಗೆ ನಾನೇ ಅಲ್ವಾ ಹೇಳಿದ್ದು, ಬೀಗದ್ ಕೈ ಕೇಳಿದ್ರೆ ಮೇಸ್ತ್ರಿ ಹೆಂಗ್ ನೋಡ್ತಾನೆ, ಏನ್ ಮಾತಾಡ್ತಾನೆ ಅಂತ? ಅದೆಲ್ಲ ಎಲ್ಲಿಗ್ ಹೋಯ್ತು? ಯಾರ್ ಬರ್ದಿದ್ ಇದ್ನ?"

ಕೋಮಲಾ ಹಾಳೆಯಿಂದ ತಲೆ ಎತ್ತಲಿಲ್ಲ. ನನ್ನ ಹೆಸರನ್ನೂ ಹೇಳಲಿಲ್ಲ. ಅವಳು ಹಾಗೆ ತಲೆ ತಗ್ಗಿಸಿ ನನ್ನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಕೂತದ್ದನ್ನು ನೋಡಿದಾಗ, ಸದಾ ಕುಣಿಯುತ್ತಿದ್ದ ನನ್ನ ಬಲಗಾಲು ಸ್ತಬ್ಧವಾಯಿತು.

"ನಾನು ಬರೆದದ್ದಮ್ಮ" ಎಂದೆ.

ಮುನಿಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು, ಅಚ್ಚರಿ. "ನೀವಾ ಸಾಮಿ? ನೀವು ಅಲ್ಲಿಗ್ ಬಂದೇ ಇರ್ಲಿಲ್ವಲ್ಲ."

ಇಂಥ ವಿಮರ್ಶೆಯನ್ನು ಯಾವ ಪತ್ರಿಕೆಯ ಯಾವ ವಿಮರ್ಶಕನೂ ನನಗೆ ಬರೆದಿರಲಿಲ್ಲ. ಸ್ವಇಚ್ಛೆ ಎಂಬುದರಲ್ಲಿ 'ಸ್ವ'ವೂ ನನ್ನದು, ಇಚ್ಛೆಯೂ ನನ್ನದು. ಬಾಯಾರಿಕೆ ಮಾತ್ರ ಅವರದ್ದು. ಒಂದು ಪದದಿಂದ ನಾನು ಮೇಸ್ತ್ರಿಯ ಕೈಯಲ್ಲಿದ್ದ ತಪ್ಪನ್ನು ತೆಗೆದು ಆ ಹೆಂಗಸರ ಕೊರಳಿಗೆ ಕಟ್ಟಿದ್ದೆ, ವಿಮರ್ಶಕರು ಅದನ್ನು ನಂಬಿ ಅವರಿಗೆ ಬುದ್ಧಿ ಹೇಳಿಸಲು ಹೊರಟಿದ್ದರು. ವಸಂತ ಹೆಚ್ಚುತ್ತಿದ್ದ ತರಕಾರಿಯ ನಡುವೆ ಕೇಳಿದ ಮಾತು ಆಗ, ಎರಡು ದಿನ ತಡವಾಗಿ, ನನ್ನೊಳಗೆ ಇಳಿಯಿತು.

ಹಿಂತಿರುಗುವಾಗ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಲು ಹೇಳಿ ಕೇಳಿದೆ: "ನಿನಗೆ ಅವತ್ತೇ ಗೊತ್ತಾಗಿತ್ತಲ್ವಾ, ಹಲಗೆ ಮೇಲೆ ಬರೆದಾಗ?"

"ಹೂಂ ಸರ್. ಏನೋ ಸರಿಯಿಲ್ಲ ಅನ್ನುಸ್ತು. ಆದ್ರೆ ನೀವ್ ಬರ್ದಿದ್ದು ಅಂದ್ಮೇಲೆ ಇಂಗ್ಲಿಷ್ನಾಗೆ ಹಂಗೇ ಹೇಳ್ಬೇಕೇನೋ, ನಂಗೇ ಗೊತ್ತಿಲ್ವೇನೋ ಅನ್ಕಂಡೆ."

ಓದುಗರೇ, ನಾನು ಆ ಮಕ್ಕಳಿಗೆ ಪ್ರಕಟಿಸುವುದನ್ನು ಕಲಿಸಲು ಹೋದವನು. ಕಲಿಸಿದ್ದು ಇದನ್ನು: ಕಣ್ಣಾರೆ ಕಂಡದ್ದಕ್ಕಿಂತ ಕೆಂಪು ಶಾಯಿಯನ್ನು ನಂಬುವುದನ್ನು.

ಮುಂದೇನು ಮಾಡಬೇಕೆಂಬುದು ಸುಲಭವಾಗಿರಲಿಲ್ಲ. ಕೇಳಿದ ಸೇರ್ಪಡೆ ಮಾಡಿ ಕಳಿಸಿದರೆ ಸ್ವೀಕಾರದ ಪತ್ರ, ಸೀಟು ಎಲ್ಲವೂ ಕೈಗೆ ಬರುತ್ತಿತ್ತು. ಮುಖ್ಯ ವಾಕ್ಯವೇ ತಪ್ಪು, ಉಪಸಂಹಾರವೂ ಬದಲಾಗಬೇಕು ಎಂದು ಬರೆದರೆ ಪ್ರಬಂಧ ಮತ್ತೆ ವಿಮರ್ಶೆಗೆ ಹೋಗುತ್ತಿತ್ತು, ಅರ್ಜಿಯ ಗಡುವು ದಾಟುತ್ತಿತ್ತು. ಮೊದಲು ಸೀಟು ಪಡೆ, ಆಮೇಲೆ ತಿದ್ದುಪಡಿ ಕಳಿಸೋಣ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ಹೋಯಿತೆಂಬುದನ್ನು ಮುಚ್ಚಿಡುವುದಿಲ್ಲ. ಅರ್ಧ ಹೇಳಿಯೂ ಬಿಟ್ಟೆ. ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚುತ್ತ ಹಾಕುತ್ತ ಕೇಳಿಸಿಕೊಂಡು ಹೇಳಿದಳು: "ಆ ಪೋಸ್ಟರು ನಾಳೆ ಶೆಡ್ ಗೋಡೆ ಮೇಲೆ ಬಂದ್ರೆ ಮುನಿಯಮ್ಮಕ್ಕನ ಮುಖ ಹೆಂಗ್ ನೋಡ್ಲಿ ಸರ್? ಸೀಟು ಮುಂದಿನ್ ವರ್ಷಾನೂ ಇರ್ತದೆ. ಅಪ್ಪನ್ಗೆ ನಾನೇ ಹೇಳ್ಕೊತೀನಿ."

ಸಂಪಾದಕರಿಗೆ ಪತ್ರ ನಾನು ಬರೆದುಕೊಡುತ್ತೇನೆಂದೆ. "ಬ್ಯಾಡ ಸರ್, ನಾನೇ ಬರೀತೀನಿ" ಎಂದಳು. ಬರೆದು ತೋರಿಸಿದಳು. ಮೂರು ಕಡೆ ವ್ಯಾಕರಣ ತಪ್ಪಿತ್ತು. ಅವುಗಳನ್ನು ತೋರಿಸಬೇಕೇ ಬೇಡವೇ ಎಂದು ನಾನು ಪಟ್ಟ ಯಾತನೆಯನ್ನು ಹೊಟ್ಟೆನೋವಿನವರು ಮಾತ್ರ ಬಲ್ಲರು. ಕೊನೆಗೆ ತೋರಿಸಿದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಲ್ಲಿ ಮಾತ್ರ. ಎರಡನ್ನು ಅವಳೇ ಸರಿಮಾಡಿದಳು. ಮೂರನೆಯದಕ್ಕೆ, "ಅದು ಹಂಗೇ ಇರ್ಲಿ ಸರ್, ನಾನ್ ಹೇಳ್ಬೇಕಾಗಿರೋದು ಅದೇ" ಎಂದಳು. ನೋಡಿದರೆ ಹೌದು, ತಪ್ಪಾಗಿದ್ದದ್ದು ನನ್ನ ತಿದ್ದುಪಡಿ.

ಸೀಟು ಹೋಯಿತು. ಗಂಡು ನೋಡುವ ಶಾಸ್ತ್ರವೂ ಒಂದು ನಡೆಯಿತು. ಹುಡುಗನ ಕಡೆಯವರಿಗೆ ಅವಳು ತನ್ನ ಪ್ರಬಂಧದ ವಿಷಯ ವಿವರಿಸಿದ ಮೇಲೆ ಅವರು ಮತ್ತೆ ಬರಲಿಲ್ಲವೆಂದು ನಗುತ್ತ ಹೇಳಿದಳು, ಆ ನಗು ಪೂರ್ತಿ ನಗುವಾಗಿರಲಿಲ್ಲ. ಪ್ರಬಂಧ ಹೊಸ ವಿಮರ್ಶಕರ ಬಳಿಗೆ ಹೋಯಿತು. ನನ್ನ ಕಾಲು ಮತ್ತೆ ಕುಣಿಯತೊಡಗಿತು. ರಾಮಪ್ಪ ನನಗೆ ಬೆಂಚಿನ ತುದಿಯಲ್ಲಿ ಕೂರುವುದನ್ನೇ ನಿಷೇಧಿಸಿದ, ಬೇರೆಯವರ ಟೀ ಚೆಲ್ಲುತ್ತದೆಂದು. ಹೊಸ ವಿಮರ್ಶಕರಲ್ಲಿ ಒಬ್ಬರು ಬಹಳ ದಿನಗಳ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಶೆಡ್ಡಿನಿಂದ ಆ ಶೌಚಾಲಯ ಎಷ್ಟು ದೂರ? ಕೋಮಲಾ ಹೋಗಿ ನಡೆದು ನೋಡಿದಳು. ಮುನ್ನೂರ ಹನ್ನೆರಡು ಹೆಜ್ಜೆ, ನಡುವೆ ಮೇಸ್ತ್ರಿಯ ಮೇಜು. ಹಾಗೆಯೇ ಬರೆದಳು.

ಪ್ರಕಟವಾಯಿತು. ಅವಳ ಆ ಉದ್ದನೆಯ ವಾಕ್ಯ, ಅಷ್ಟೂ 'ಮತ್ತು'ಗಳ ಸಮೇತ, ಮುನಿಯಮ್ಮನ ಹೆಸರು ಹೇಳದೆ, ಕೆಲಸದಾಕೆಯೊಬ್ಬಳ ಮಾತೆಂದು ಉಲ್ಲೇಖಗೊಂಡು ಅಚ್ಚಾಗಿತ್ತು. ಓದಿದಾಗ ನನಗೆ ಹೊಳೆಯಿತು, ಆ 'ಮತ್ತು'ಗಳು ಒಂದೊಂದೂ ಒಂದು ಅಡ್ಡಗಟ್ಟೆ. ಹೆಂಗಸೊಬ್ಬಳು ನೀರಿನಿಂದ ಶೌಚಾಲಯದವರೆಗೆ ದಾಟಬೇಕಾದದ್ದನ್ನೆಲ್ಲ ಆ ವಾಕ್ಯ ಒಂದೊಂದಾಗಿ ದಾಟುತ್ತಿತ್ತು.

ಪ್ರತಿ ಹಿಡಿದು ಅವಳು ಆ ತೋಟದ ಮ್ಯಾನೇಜರನ್ನು ಕಾಣಲು ಹೋದಳು. ನಾನು ಗೇಟಿನ ಹೊರಗೆ ಶತಪಥ ಹಾಕುತ್ತಿದ್ದೆ. ಅವಳು ಹೊರಬಂದು ಹೇಳಿದ್ದು: ಮ್ಯಾನೇಜರು ಹಾಳೆ ತಿರುವಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ, "ಇದೆಲ್ಲ ಇಂಗ್ಲಿಷ್ನಲ್ಲಿ ಬಂದ್‌ಬಿಟ್ಟಿದ್ಯಾಮ್ಮಾ? ನಮ್ಮ ತೋಟದ ಹೆಸ್ರು ಇಲ್ವಲ್ಲ?" ಎಂದು ಎರಡೆರಡು ಸಲ ಕೇಳಿ, ಇಲ್ಲವೆಂದ ಮೇಲೆ ನೀರು ಕುಡಿದು, ಮೇಸ್ತ್ರಿಯನ್ನು ಕರೆಸಿದರಂತೆ. ಮರುವಾರದಿಂದ ಬೀಗವೇ ಇಲ್ಲವಾಯಿತು. ಹತ್ತಿರದಲ್ಲೊಂದು ಹೊಸ ಶೌಚಾಲಯ ಕಟ್ಟಿಸುವ ಮಾತು ಮಾತಾಗಿಯೇ ಇದೆ. ಮುನ್ನೂರ ಹನ್ನೆರಡು ಹೆಜ್ಜೆ ಹಾಗೇ ಇವೆ. ಮೇಜು ಮಾತ್ರ ಸರಿದಿದೆ.

ಕಳೆದ ಭಾನುವಾರ ಅದನ್ನು ಓದಿ ಹೇಳಲು ಹೋಗಿದ್ದೆವು. ಮುನಿಯಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. "ಹ್ಞೂಂ, ಇದು ನಾನ್ ಹೇಳಿದ್ದು" ಎಂದಳು. ಆಮೇಲೆ, "ಆರು ವರ್ಷ ಬಾಯಾಗ್ ಹೇಳಿದ್ದು ಅವ್ರಿಗ್ ಕೇಳುಸ್ಲಿಲ್ಲ, ಕಾಗ್ದದಾಗ್ ಬಂದ್ಮೇಲೆ ಕೇಳುಸ್ತು ನೋಡು" ಎಂದಳು. ಮೆಚ್ಚುಗೆಯೋ ವ್ಯಂಗ್ಯವೋ ನನಗೆ ತಿಳಿಯಲಿಲ್ಲ, ಬಹುಶಃ ಎರಡೂ. ನಾನು ಇನ್ನೇನು ಎದ್ದು ಹೊರಡೋಣವೆಂದು ಚಪ್ಪಲಿಗೆ ಕಾಲು ಚಾಚಿದ್ದೆ. ಆಕೆ ಕೋಮಲಾಳ ಕೈ ಹಿಡಿದು ಕೂರಿಸಿಕೊಂಡು, ಹಿಂದೆ ನಿಂತಿದ್ದ ಹುಡುಗಿಯೊಬ್ಬಳನ್ನು ಮುಂದಕ್ಕೆ ಕರೆದಳು.

"ಪುಸ್ತಕ ತೆಗಿ ತಾಯಿ. ಔಷ್ದಿ ಹೊಡ್ದಿದ್ ದಿನಾನೇ ನಮ್ಮನ್ನ ಒಳಕ್ ಕಳುಸ್ತಾರಲ್ಲ, ಅದ್ನ ಬರೀಬೇಕು. ಕೈಯೆಲ್ಲ ಹೆಂಗ್ ಉರೀತದೆ ಅಂತ ಇವ್ಳು ಹೇಳ್ತಾಳೆ, ಕೇಳು."

ಕೋಮಲಾ ನೋಟ್‌ಬುಕ್ ತೆರೆದಳು. ನನಗೆ ತಕ್ಷಣ ಶೀರ್ಷಿಕೆಯೊಂದು ಹೊಳೆಯಿತು, ಜೊತೆಗೆ ಯಾವ ಪತ್ರಿಕೆ ಎಂಬುದೂ, ಪ್ರಶ್ನೆಗಳ ಕ್ರಮವೂ, ಬಾಯಿ ತೆರೆದೆ. ಮುನಿಯಮ್ಮ ನನ್ನ ಕಡೆ ತಿರುಗಿ, ಮನೆಯ ಹಿರಿಯರಿಗೆ ಹೇಳುವಷ್ಟೇ ಮರ್ಯಾದೆಯಿಂದ ಹೇಳಿದಳು:

"ನೀವು ಸುಮ್ಕೆ ಕೂತ್ಕಂಡು ಕೇಳಿ ಸಾಮಿ."

ನಾನು ಕೂತೆ.